ಟುಲಿಪ್ ಹೊಲ ನೋಡಲು ಹೋಗುವವರಿಗೆ

ರಜೆಗೆಂದು ಬಾಗಲಕೋಟೆಯ ನವನಗರಕ್ಕೆ ಬಂದು ಹತ್ತು ದಿನವಾಯಿತು. ನಮ್ಮ ಓಣಿಯಲ್ಲೇ ಎರಡು ಮನೆಯವರು ಮುಂದಿನ ವಸಂತದಲ್ಲಿ ನೆದರ್ಲೆಂಡ್ಸ್‌ನಲ್ಲಿರುವ ಮಕ್ಕಳ ಬಳಿಗೆ ಹೊರಡುವವರಿದ್ದಾರೆ. ಇಬ್ಬರ ಪ್ರಶ್ನೆಯೂ ಒಂದೇ: "ಆ ಹೂವಿನ ತೋಟಕ್ಕೆ ಯಾವಾಗ ಹೋಗಬೇಕವ್ವ?" ಅವರು ಕೇಳುವುದು ಕ್ಯೂಕೆನ್‌ಹಾಫ್ ಎಂಬ ಟುಲಿಪ್ ತೋಟದ ಬಗ್ಗೆ. ಏಪ್ರಿಲ್ ನಡುವಿನಲ್ಲಿ ಹೋಗಿ ಎನ್ನುತ್ತೇನೆ. ಇದನ್ನು ನಾನು ಕಲಿತದ್ದು ಪೆಟ್ಟು ತಿಂದು.

ನಾನು ಹಾರ್ಲೆಮ್ ಊರಿಗೆ ಹೋಗಿ ಇಳಿದದ್ದು ನವೆಂಬರಿನಲ್ಲಿ. ಸಂಜೆ ಐದು ಹೊಡೆಯುವುದರೊಳಗೆ ಕತ್ತಲು, ಮೇಲೆ ಜಿಟಿಜಿಟಿ ಮಳೆ. ಫೆಬ್ರುವರಿ ಕೊನೆಗೆ ರಸ್ತೆ ಬದಿಯ ಹುಲ್ಲಿನಲ್ಲಿ ನೇರಳೆ ಬಣ್ಣದ ಕ್ರೋಕಸ್ ಹೂಗಳು ತಲೆ ಎತ್ತಿದಾಗ ಬಸ್ಸು ತಪ್ಪಿದರೂ ಪರವಾಗಿಲ್ಲವೆಂದು ನಿಂತು ನೋಡಿದ್ದೆ. ಆದರೆ ಟುಲಿಪ್ ಎಲ್ಲಿಗೆ ಓಡಿಹೋಗುತ್ತದೆ ಎಂದುಕೊಂಡು ಮೇ ಮೊದಲ ವಾರಕ್ಕೆ ಹೊರಟೆ. ತೋಟದೊಳಗೆ ತಡವಾಗಿ ಅರಳುವ ಕೆಲವು ಜಾತಿಗಳಿದ್ದವು. ಹೊರಗಿನ ಹೊಲಗಳಲ್ಲಿ ಬರೀ ಹಸಿರು ದಂಟು. ಹೂವಿನ ತಲೆಗಳನ್ನೆಲ್ಲ ಕತ್ತರಿಸಿ ಹಾಕಿದ್ದರು.

ಅಪ್ಪ, ಅವ್ವ ಬಂದದ್ದು 2025ರ ಏಪ್ರಿಲ್‌ನಲ್ಲಿ. ಹಿಂದಿನ ಕಥೆ ಹೇಳಿದೆ. ಅಪ್ಪನಿಗೆ ಆಶ್ಚರ್ಯವೇ ಆಗಲಿಲ್ಲ. "ಉಳ್ಳಾಗಡ್ಡಿ ಹೂವಿಗೆ ಬಂದರೆ ಗಡ್ಡೆ ಕೆಡುತ್ತದೆ ಎಂದು ನಾವೂ ದಂಟು ಮುರಿಯುತ್ತಿರಲಿಲ್ಲವೇ? ಇವರು ಮಾರುವುದು ಗಡ್ಡೆಯನ್ನು, ಹೂವನ್ನಲ್ಲ" ಎಂದರು. ನಿಜ. ಹೂವಿಗೆ ಹೋಗುವ ಸತ್ವ ಗಡ್ಡೆಗೆ ಇಳಿಯಲಿ ಎಂದೇ ಅಲ್ಲಿನ ರೈತರು ಅರಳಿದ ಕೆಲವೇ ದಿನಗಳಲ್ಲಿ ತಲೆ ಸವರಿಬಿಡುತ್ತಾರೆ. ನಮ್ಮ ಸಂಭ್ರಮಕ್ಕಾಗಿ ಅವರು ಕಾಯುವುದಿಲ್ಲ. ಹೊಲದೊಳಗೆ ಕಾಲಿಟ್ಟು ಫೋಟೊ ತೆಗೆಸಿಕೊಳ್ಳುವ ಆಸೆಯನ್ನೂ ಬಿಡಿ. ಗಡ್ಡೆ ತುಳಿದವರಿಗೆ ಯಾವ ಊರಿನ ರೈತನೂ ಕೈ ಮುಗಿಯುವುದಿಲ್ಲ.

ಕ್ಯೂಕೆನ್‌ಹಾಫ್ ತೋಟ ಇರುವುದು ಲಿಸ್ಸೆ ಎಂಬ ಊರಿನಲ್ಲಿ. 32 ಹೆಕ್ಟೇರ್ ಜಾಗ. ಪ್ರತಿ ಶರತ್ಕಾಲದಲ್ಲಿ ಸುಮಾರು 70 ಲಕ್ಷ ಗಡ್ಡೆಗಳನ್ನು ಕೈಯಿಂದಲೇ ನೆಡುತ್ತಾರೆ. ವರ್ಷದಲ್ಲಿ ತೆರೆದಿರುವುದು ಸುಮಾರು ಎಂಟು ವಾರ ಮಾತ್ರ. 2025ರಲ್ಲಿ ಮಾರ್ಚ್ 20ರಿಂದ ಮೇ 11ರವರೆಗೆ. ಟಿಕೆಟ್ಟನ್ನು ದಿನ ಮತ್ತು ಹೊತ್ತು ಆಯ್ದುಕೊಂಡು ಆನ್‌ಲೈನ್‌ನಲ್ಲಿ ಮೊದಲೇ ತೆಗೆಯಬೇಕು. ಬಸ್ ಪ್ರಯಾಣ ಸೇರಿದ ಟಿಕೆಟ್ಟೂ ಸಿಗುತ್ತದೆ. ಸ್ಕಿಪೋಲ್ ವಿಮಾನ ನಿಲ್ದಾಣದಿಂದಲೂ ಲೈಡನ್ ರೈಲು ನಿಲ್ದಾಣದಿಂದಲೂ ನೇರ ಬಸ್ಸಿದೆ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆಯುತ್ತದೆ, ಆಗಲೇ ಒಳಗಿರಿ. ಹನ್ನೊಂದರ ನಂತರ ಬನಶಂಕರಿ ಜಾತ್ರೆಯೇ ಸರಿ.

ಮೊಣಕಾಲು ನೋವಿನ ಅವ್ವ ಪ್ರತಿ ಬೆಂಚಿನಲ್ಲೂ ಕೂತು, ಹಯಾಸಿಂತ್ ಹೂವಿನ ವಾಸನೆ ಸುಗಂಧರಾಜಕ್ಕಿಂತ ಜಾಸ್ತಿಯಾಯಿತು, ತಲೆ ನೋಯುತ್ತದೆ ಎಂದಳು. ಅಪ್ಪ ತೋಟದಲ್ಲಿರುವ ಗಾಳಿಯಂತ್ರದ ಮೇಲೆ ಹತ್ತಿ ಬಹಳ ಹೊತ್ತು ಇಳಿಯಲಿಲ್ಲ. ಅಲ್ಲಿಂದ ಸುತ್ತಲಿನ ಹೊಲಗಳ ಕೆಂಪು, ಹಳದಿ ಪಟ್ಟಿಗಳು ಕಾಣುತ್ತವೆ. ಸ್ಕಿಪೋಲ್ ಇರುವ ಜಾಗ ಒಂದು ಕಾಲಕ್ಕೆ ದೊಡ್ಡ ಕೆರೆಯಾಗಿತ್ತು, ನೀರನ್ನೆಲ್ಲ ಹೊರಹಾಕಿ 1852ರ ಹೊತ್ತಿಗೆ ನೆಲ ಮಾಡಿಕೊಂಡರು ಎಂದು ನಾನು ಹೇಳಿದೆ. ಆಲಮಟ್ಟಿ ಹಿನ್ನೀರಿಗೆ ಹೊಲ ಕೊಟ್ಟು ನವನಗರಕ್ಕೆ ಬಂದ ಮನುಷ್ಯ ಅವರು. "ನಾವು ಮುಳುಗಡೆಯವರು, ಇವರು ತೇಲುಗಡೆಯವರು" ಎಂದು ನಕ್ಕರು.

ಇನ್ನು ಹೊರಡುವ ಸಿದ್ಧತೆ. ಷೆಂಗೆನ್ ವೀಸಾಕ್ಕೆ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಪ್ರಯಾಣದ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಏಪ್ರಿಲ್‌ಗೆ ಹೋಗುವವರು ಜನವರಿಯಲ್ಲೇ ಮುಗಿಸಿಕೊಳ್ಳಿ. ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸಿ ವಿಮೆ ಕಡ್ಡಾಯ. ಇಲ್ಲಿ ನಲವತ್ತು ಡಿಗ್ರಿ ಬಿಸಿಲಿದ್ದಾಗ ಅಲ್ಲಿ ಹತ್ತು, ಹನ್ನೆರಡು ಡಿಗ್ರಿ. ಸ್ವೆಟರಿನ ಮೇಲೆ ಮಳೆಗೂ ಗಾಳಿಗೂ ತಡೆಯುವ ಕೋಟು ಬೇಕೇ ಬೇಕು. ಗಾಳಿಗೆ ಕೊಡೆ ನಿಲ್ಲುವುದಿಲ್ಲ. ತುಪ್ಪ, ಪೇಡೆ, ಕುಂದಾ ಕಟ್ಟಿಕೊಂಡು ಹೋಗಬೇಡಿ, ಹಾಲಿನ ಪದಾರ್ಥಗಳನ್ನು ಒಳಗೆ ಬಿಡುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ನಮ್ಮ ಜೊತೆ ತೋಟದ ಬೆಂಚಿನವರೆಗೂ ಬಂದವು.

ಗಡ್ಡೆ ತಂದು ಇಲ್ಲಿ ನೆಡುವ ಆಲೋಚನೆಯಿದ್ದರೆ ಕೈಬಿಡಿ. ವಾರಗಟ್ಟಲೆ ಚಳಿ ಉಣ್ಣದೆ ಟುಲಿಪ್ ಸರಿಯಾಗಿ ಹೂ ಬಿಡುವುದಿಲ್ಲ. ಅವ್ವ ಮರದಲ್ಲಿ ಕೆತ್ತಿದ ಆರು ಟುಲಿಪ್ ಕೊಂಡಳು. ಟೀವಿ ಪಕ್ಕದ ತಂಬಿಗೆಯಲ್ಲಿವೆ. ನಿನ್ನೆ ನಾನೇ ಧೂಳು ಒರೆಸಿದೆ.