ಬೋರ್ಡೋದ ಗ್ರ್ಯಾಂಡ್ ಥಿಯೇಟರ್: ಹೋದರೆ ಒಂದು ಸಂಜೆ ಪ್ರದರ್ಶನಕ್ಕೇ ಹೋಗಿ

ಫ್ರಾನ್ಸಿನ ಬೋರ್ಡೋ ಊರು ಅಂದರೆ ಎಲ್ಲರೂ ವೈನ್ ಅಂತಾರೆ. ವೈನ್ ಕುಡಿಯದವರೂ ಒಂದು ರಾತ್ರಿ ಅಲ್ಲಿ ಉಳಿಯಬೇಕು ಅಂತ ನಾನು ಹೇಳುವುದು ಊರ ನಡುವೆ ಇರುವ ಗ್ರ್ಯಾಂಡ್ ಥಿಯೇಟರ್‌ಗಾಗಿ. ಹೆಚ್ಚಿನವರು ಮುಂದೆ ನಿಂತು ಫೋಟೋ ತೆಗೆದುಕೊಂಡು ಹೋಗಿಬಿಡುತ್ತಾರೆ. ಅಷ್ಟಕ್ಕೇ ಆದರೆ ಪ್ಯಾರಿಸ್‌ನಿಂದ ಅಲ್ಲಿಗೆ ಹೋಗುವ ಅಗತ್ಯವೇ ಇಲ್ಲ.

ಹೋಗುವುದು ಸುಲಭ. ಪ್ಯಾರಿಸ್‌ನ ಮೊಂಪಾರ್ನಾಸ್ ನಿಲ್ದಾಣದಿಂದ ಟಿಜಿವಿ ಎಂಬ ಅತಿವೇಗದ ರೈಲು ಹಿಡಿಯಿರಿ. 2017ರಲ್ಲಿ ಹೊಸ ಹಳಿ ಬಂದ ಮೇಲೆ ವೇಗದ ರೈಲಿಗೆ ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ ಸಾಕು. ದಿನ ಹತ್ತಿರವಾದಷ್ಟೂ ಟಿಕೆಟ್ ದರ ಏರುತ್ತದೆ. ಹಾಗಾಗಿ ವೀಸಾ ಕೈಗೆ ಬಂದ ದಿನವೇ ಬುಕ್ ಮಾಡಿಬಿಡಿ. ಬೋರ್ಡೋದ ಸೇಂಟ್ ಜಾನ್ ನಿಲ್ದಾಣದಲ್ಲಿ ಇಳಿದು ಸಿ ಟ್ರಾಮ್ ಹತ್ತಿ ಕ್ಯಾಂಕೋನ್ಸ್‌ನಲ್ಲಿ ಇಳಿಯಿರಿ. ಅಲ್ಲಿಂದ ನಡೆದರೆ ಥಿಯೇಟರ್ ಸ್ವಲ್ಪವೇ ದೂರ. ಬಿ ಟ್ರಾಮ್‌ಗೆ ಥಿಯೇಟರ್ ಹೆಸರಿನದೇ ನಿಲ್ದಾಣ ಇದೆ. ಟ್ರಾಮ್ ಹತ್ತಿದ ತಕ್ಷಣ ಟಿಕೆಟ್ ಅನ್ನು ಯಂತ್ರಕ್ಕೆ ತೋರಿಸುವುದನ್ನು ಮರೆಯಬೇಡಿ. ಅಂದಹಾಗೆ, ಊರ ಮಧ್ಯದಲ್ಲಿ ಟ್ರಾಮ್‌ಗೆ ಮೇಲೆ ತಂತಿಯೇ ಇಲ್ಲ. ಹಳೇ ಕಟ್ಟಡಗಳ ನೋಟ ಕೆಡಬಾರದು ಅಂತ 2003ರಲ್ಲೇ ವಿದ್ಯುತ್ತನ್ನು ನೆಲದ ಹಳಿಯಿಂದ ಕೊಡುವ ವ್ಯವಸ್ಥೆ ಮಾಡಿದರು. ಥಿಯೇಟರ್ ಮುಂದೆ ನಿಂತಾಗ ಇದರ ಬೆಲೆ ಗೊತ್ತಾಗುತ್ತದೆ. ಫೋಟೋದಲ್ಲಿ ಒಂದು ತಂತಿಯೂ ಅಡ್ಡ ಬರುವುದಿಲ್ಲ.

ಮುಂಭಾಗದಲ್ಲಿ ಸಾಲಾಗಿ 12 ಕಂಬ. ಮೇಲೆ 12 ಕಲ್ಲಿನ ಮೂರ್ತಿಗಳು. ಒಂಬತ್ತು ಜನ ಗ್ರೀಕರ ಕಲಾದೇವತೆಯರು, ಜೊತೆಗೆ ರೋಮನ್ ದೇವತೆಯರಾದ ಜೂನೋ, ವೀನಸ್, ಮಿನರ್ವಾ. ಇದೇ ಜಾಗದಲ್ಲಿ ಒಂದು ಕಾಲಕ್ಕೆ ರೋಮನ್ನರ ದೊಡ್ಡ ಕಟ್ಟಡವಿತ್ತು, ಅದರ ಕಂಬಗಳು ಶತಮಾನಗಳ ಕಾಲ ನಿಂತಿದ್ದವು. ಪಕ್ಕದ ಕೋಟೆಗೆ ಬಯಲು ಬೇಕು ಅಂತ ರಾಜ 14ನೇ ಲೂಯಿ ಕಾಲದಲ್ಲಿ ಅವನ್ನು ಕೆಡವಿದರು. ಊರಿನ ಹಳೇ ನಾಟಕಶಾಲೆ 1755ರಲ್ಲಿ ಬೆಂಕಿಗೆ ಹೋಯಿತು. ಆಮೇಲೆ ಆ ಪ್ರಾಂತ್ಯದ ಗವರ್ನರ್ ಆಗಿದ್ದ ರಿಷೆಲ್ಯೂ ಡ್ಯೂಕ್ ಹೊಸದನ್ನು ಕಟ್ಟಿಸಲು ಪ್ಯಾರಿಸ್‌ನಿಂದ ವಿಕ್ಟರ್ ಲೂಯಿ ಎಂಬ ವಾಸ್ತುಶಿಲ್ಪಿಯನ್ನು ಕರೆಸಿದ. 1773ರಲ್ಲಿ ಕೆಲಸ ಶುರು. 1780ರ ಏಪ್ರಿಲ್ 7ರಂದು ರಾಸೀನ್‌ನ ನಾಟಕದೊಂದಿಗೆ ಪರದೆ ಮೇಲೆದ್ದಿತು.

ಇಷ್ಟು ದೊಡ್ಡ ಕಟ್ಟಡಕ್ಕೆ ಊರಲ್ಲಿ ದುಡ್ಡು ಎಲ್ಲಿಂದ ಬಂತು? ವೈನ್‌ನಿಂದ ಅಂತ ಹೇಳುವುದು ಅರ್ಧ ಮಾತು. ಆಗಿನ ಬೋರ್ಡೋ ಶ್ರೀಮಂತವಾಗಿದ್ದು ಕೆರಿಬಿಯನ್ ದ್ವೀಪಗಳ ಸಕ್ಕರೆ, ಕಾಫಿ ವ್ಯಾಪಾರದಿಂದ. ಅದನ್ನು ಬೆಳೆಯುತ್ತಿದ್ದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಇಲ್ಲಿನ ಹಡಗುಗಳೇ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಸಾಗಿಸಿವೆ. ಇದು ಥಿಯೇಟರ್ ಒಳಗೆ ಕಾಣುವ ವಿಷಯವಲ್ಲ. ಅದಕ್ಕೇ ಬೆಳಿಗ್ಗೆ ಅಕಿಟೆನ್ ಮ್ಯೂಸಿಯಂಗೆ ಹೋಗಿ. ಬಿ ಟ್ರಾಮ್ ಅಲ್ಲಿಗೇ ಬಿಡುತ್ತದೆ. ಗುಲಾಮರ ವ್ಯಾಪಾರದ ಬಗ್ಗೆ 2009ರಿಂದ ಅಲ್ಲಿ ಪ್ರತ್ಯೇಕ ಕೋಣೆಗಳೇ ಇವೆ. ಅದನ್ನು ನೋಡಿ ಸಂಜೆ ಥಿಯೇಟರ್‌ಗೆ ಬಂದರೆ ಸಭಾಂಗಣದ ಚಿನ್ನದ ಬಣ್ಣ ಬೇರೆ ಥರ ಕಾಣುತ್ತದೆ.

ಈಗ ಟಿಕೆಟ್ ವಿಷಯ. ಒಳಗೆ ಹೋಗಲು ಎರಡು ದಾರಿ. ಒಂದು, ಗೈಡ್ ಜೊತೆ ಹಗಲಿನ ಭೇಟಿ. ಇದು ಎಲ್ಲಾ ದಿನ ಇರುವುದಿಲ್ಲ, ರಿಹರ್ಸಲ್ ಇದ್ದರೆ ಸಭಾಂಗಣ ತೋರಿಸದೆಯೂ ಇರಬಹುದು. ಇನ್ನೊಂದು, ಸಂಜೆಯ ಪ್ರದರ್ಶನಕ್ಕೆ ಮೇಲಿನ ಅಂತಸ್ತಿನಲ್ಲಿ ಅಗ್ಗದ ಸೀಟು. ಎರಡರಲ್ಲಿ ಒಂದೇ ಆಗುವುದಾದರೆ ಸೀಟನ್ನೇ ತೆಗೆದುಕೊಳ್ಳಿ. ಆದರೆ ‘ವಿಸಿಬಿಲಿಟೆ ರೆದ್ವೀತ್’ ಅಂತ ಬರೆದಿದ್ದರೆ ಜೋಪಾನ. ಕಂಬ ಅಡ್ಡ ಬಂದು ಅರ್ಧ ವೇದಿಕೆ ಕಾಣದಿರಬಹುದು ಅಂತ ಅರ್ಥ. ಕಟ್ಟಡ ನೋಡುವುದೇ ಮುಖ್ಯ ಅನ್ನುವವರಿಗೆ ಅದೂ ನಷ್ಟವಲ್ಲ.

ಸೀಟೇ ಯಾಕೆ ಅಂದರೆ, ಆ ಮೆಟ್ಟಿಲು. ಕಂಬಗಳ ಸಾಲಿನ ಪಡಸಾಲೆ ದಾಟಿದರೆ ಎದುರಿಗೆ ಅಗಲವಾದ ಕಲ್ಲಿನ ಮೆಟ್ಟಿಲು ನೇರ ಏರುತ್ತದೆ, ಅರ್ಧದಲ್ಲಿ ಎಡಕ್ಕೂ ಬಲಕ್ಕೂ ಒಡೆಯುತ್ತದೆ. ಮೇಲೆ ಗುಮ್ಮಟ. ಖಾಲಿ ಇದ್ದಾಗ ಇದು ಚೆನ್ನಾದ ಕಲ್ಲಿನ ಕೆಲಸ, ಅಷ್ಟೇ. ಪ್ರದರ್ಶನದ ಸಂಜೆ ನೋಡಿ. ಏರುವವರನ್ನು ಮೇಲಿನವರು ನೋಡುತ್ತಾರೆ, ಮೇಲಿನವರನ್ನು ಕೆಳಗಿನವರು ನೋಡುತ್ತಾರೆ. ನಾಟಕ ಇಲ್ಲೇ ಶುರುವಾಗಿಬಿಡುತ್ತದೆ, ಅಲ್ವಾ? ವಿಕ್ಟರ್ ಲೂಯಿ ಕಟ್ಟಿದ್ದೇ ಅದಕ್ಕೆ. ಮುಕ್ಕಾಲು ಗಂಟೆ ಮೊದಲೇ ಹೋಗಿ, ಒಂದು ಪಕ್ಕ ಸುಮ್ನೆ ನಿಂತುಕೊಳ್ಳಿ. ತಡವಾದರೆ ಇದೂ ಇಲ್ಲ, ಬಾಗಿಲು ಹಾಕಿದ ಮೇಲೆ ಒಳಗೆ ಬಿಡುವುದೂ ಕಷ್ಟ.

ಸಭಾಂಗಣ ನೀಲಿ, ಬಿಳಿ, ಚಿನ್ನದ ಬಣ್ಣದ್ದು. 1991ರ ರಿಪೇರಿಯಲ್ಲಿ ಮೊದಲಿನ ಬಣ್ಣಗಳನ್ನು ವಾಪಸ್ ತಂದರು. ಛಾವಣಿಯ ಚಿತ್ರವನ್ನು 1917ರಲ್ಲಿ ಹೊಸದಾಗಿ ಬರೆದಿದ್ದು. ಒಳಗಿನ ರಚನೆ ಬಹುಪಾಲು ಮರದ್ದು, ಅದಕ್ಕೇ ದನಿ ಅಷ್ಟು ಬೆಚ್ಚಗೆ ಕೇಳುತ್ತದೆ. ಮೇಣದಬತ್ತಿಯ ಕಾಲದಲ್ಲಿ ಯುರೋಪಿನ ಎಷ್ಟೋ ಥಿಯೇಟರ್‌ಗಳು ಸುಟ್ಟುಹೋದವು. ಇದು ಉಳಿಯಿತು.

ಸೀಟಿನಲ್ಲಿ ಕೂತಾಗ 1871 ನೆನಪಿಸಿಕೊಳ್ಳಿ. ಪ್ರಷ್ಯಾದ ಎದುರು ಸೋತ ಫ್ರಾನ್ಸಿನ ರಾಷ್ಟ್ರೀಯ ಸಭೆ ಸೇರಿದ್ದು ಇದೇ ಹಾಲ್‌ನಲ್ಲಿ. ಮಾರ್ಚ್ 1ರಂದು ಶಾಂತಿ ಷರತ್ತುಗಳಿಗೆ ಒಪ್ಪಿಗೆ ಕೊಟ್ಟರು. ಗಡಿಯ ಅಲ್ಸಾಸ್ ಪ್ರಾಂತ್ಯ ಕೈಬಿಟ್ಟು ಹೋಯಿತು. ಫ್ರಾನ್ಸ್ ಪರ ಹೋರಾಡಿದ್ದ ಇಟಲಿಯ ಸೇನಾನಿ ಗ್ಯಾರಿಬಾಲ್ಡಿಯನ್ನೇ ಇಲ್ಲಿ ಕೂಗಿ ಮಾತಾಡದಂತೆ ಮಾಡಿದರು. ಅವರ ಪರ ನಿಂತ ಸಾಹಿತಿ ವಿಕ್ಟರ್ ಹ್ಯೂಗೋ ಮಾರ್ಚ್ 8ರಂದು ರಾಜೀನಾಮೆ ಕೊಟ್ಟು ಹೊರನಡೆದರು. ಸಭೆ ಆಮೇಲೆ ವರ್ಸೇಲ್ಸ್‌ಗೆ ಹೋಯಿತು. ಅಲ್ಲಿ ಕೂತಿದ್ದೂ ಅರಮನೆಯ ಒಪೆರಾ ಹಾಲ್‌ನಲ್ಲೇ!

ಏನು ನೋಡುವುದು? ಫ್ರೆಂಚ್ ಬಾರದವರಿಗೆ ಮಾತಿಲ್ಲದ ನೃತ್ಯನಾಟಕ, ಅಂದರೆ ಬ್ಯಾಲೆ, ಒಳ್ಳೆಯದು. ಇದು ಬ್ಯಾಲೆಗೆ ಹೆಸರಾದ ಮನೆಯೂ ಹೌದು. ‘ಲಾ ಫೀಯ್ ಮಾಲ್ ಗಾರ್ದೆ’ ಮೊದಲು ಆಡಿದ್ದು ಇಲ್ಲಿ, 1789ರ ಜುಲೈ 1ರಂದು. ಫ್ರೆಂಚ್ ಕ್ರಾಂತಿಯಲ್ಲಿ ಪ್ಯಾರಿಸ್‌ನ ಬಾಸ್ಟೀಲ್ ಕೋಟೆ ಬೀಳಲು ಇನ್ನೆರಡು ವಾರವೂ ಇರಲಿಲ್ಲ. ಇದರ ಕಥೆಯಲ್ಲಿ ದೇವರು, ರಾಜರು ಯಾರೂ ಇಲ್ಲ. ಮಗಳನ್ನು ದುಡ್ಡಿದ್ದವನ ಮಗನಿಗೆ ಕೊಡಬೇಕು ಅನ್ನುವ ತಾಯಿ, ಬಡ ಹುಡುಗನನ್ನು ಮೆಚ್ಚಿದ ಮಗಳು. ನಮ್ಮ ಕಂಪನಿ ನಾಟಕದವರು ಕೇಳಿದ್ದರೆ ಬಿಡುತ್ತಿರಲಿಲ್ಲ. ಸಿಂಫನಿ ಕಚೇರಿಗಳು 2013ರಲ್ಲಿ ಬೇರೆ ಆಡಿಟೋರಿಯಂಗೆ ಹೋಗಿವೆ. ಬುಕ್ ಮಾಡುವಾಗ ಜಾಗದ ಹೆಸರು ನೋಡಿಕೊಳ್ಳಿ. ಆಗಸ್ಟ್‌ನಲ್ಲಿ ಸಾಮಾನ್ಯವಾಗಿ ಪ್ರದರ್ಶನ ಇರುವುದಿಲ್ಲ. ನಮ್ಮ ಮಕ್ಕಳ ಬೇಸಿಗೆ ರಜೆ, ಏಪ್ರಿಲ್–ಮೇ, ಸರಿಯಾದ ಕಾಲ.

ಊಟದ ಬಗ್ಗೆ ಒಂದು ಮಾತು. ಪ್ರತಿ ಬೇಕರಿಯಲ್ಲೂ ಕಾಣುವ ಕಾನ್ಲೆ ಎಂಬ ಕಂದು ಕೇಕ್‌ನಲ್ಲಿ ಮೊಟ್ಟೆಯೂ ರಮ್ಮೂ ಇರುತ್ತದೆ. ಮಡಿವಂತ ಅಜ್ಜಿಯನ್ನು ಕರೆದುಕೊಂಡು ಹೋದವರು ಮೊದಲೇ ಹೇಳಿಬಿಡಿ.

ಪ್ಯಾರಿಸ್‌ನ ಗಾರ್ನಿಯೇ ಒಪೆರಾ ನೋಡುವ ಯೋಚನೆ ಇದ್ದರೆ ಬೋರ್ಡೋ ಮುಗಿಸಿ ಬಂದ ಮೇಲೆ ಇಟ್ಟುಕೊಳ್ಳಿ. ಅಲ್ಲಿನ ಭಾರೀ ಮೆಟ್ಟಿಲಿಗೆ ಅದರ ವಾಸ್ತುಶಿಲ್ಪಿ ಗಾರ್ನಿಯೇ ಮಾದರಿ ಮಾಡಿಕೊಂಡಿದ್ದು ಲೂಯಿಯ ಮೆಟ್ಟಿಲನ್ನೇ. ಗಾರ್ನಿಯೇ ಮೊದಲು ನೋಡಿದರೆ ಬೋರ್ಡೋದ್ದು ಚಿಕ್ಕದಾಯಿತು ಅನ್ನಿಸಿಬಿಡುತ್ತದೆ.