ಅಂಜನಾದ್ರಿ ಹತ್ತುವವರಿಗೆ: ಇಳಿದ ಮೇಲೆ ಕಾಲು ಹಿಡಿದರೆ

ಗಂಗಾವತಿ ಕಡೆಯಿಂದ ಆನೆಗೊಂದಿ ದಾರಿಯಲ್ಲಿ ಬಂದರೆ ಗದ್ದೆ, ಬಾಳೆತೋಟ, ಬಂಡೆಗಳ ಮಧ್ಯೆ ಅಂಜನಾದ್ರಿ ಬೆಟ್ಟ ಕಾಣುತ್ತದೆ. ಮೆಟ್ಟಿಲು 575. ಸುಮಾರಾಗಿ ನಡೆಯುವವರಿಗೆ ಅರ್ಧ ಗಂಟೆ, ವಯಸ್ಸಾದವರಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಹತ್ತಲು ಆಗುತ್ತದೋ ಇಲ್ಲವೋ ಎಂದೇ ಎಲ್ಲರೂ ಕೇಳುತ್ತಾರೆ. ನಾನು ಹೇಳುವುದು, ಇಳಿಯುವುದಕ್ಕೂ ಇಳಿದ ಮೇಲಿನ ಒಂದು ಗಂಟೆಗೂ ಸ್ವಲ್ಪ ಕಾಲುಬಲ ಉಳಿಸಿಕೊಳ್ಳಿ.

ನಾವು ಮನೆಮಂದಿಯೆಲ್ಲ ಹೋಗಿದ್ದೆವು. ಮೇಲೆ ಆಂಜನೇಯನ ದರ್ಶನವಾಯಿತು, ತುಂಗಭದ್ರೆ, ಆಚೆ ದಡದ ಹಂಪಿ ಎಲ್ಲ ನೋಡಿದೆವು. ಇಳಿದು ಬಂದು ಅತ್ತಿಗೆ ಕಟ್ಟೆ ಮೇಲೆ ಕೂತರು. ಕೂತಿದ್ದೇ ತಡ, "ಅಯ್ಯೋ, ಮೀನಖಂಡ ಹಿಡ್ಕೊಂತು" ಎಂದು ಕಾಲು ಮಡಚಿಕೊಂಡರು. ಮುಟ್ಟಿ ನೋಡಿದರೆ ಮೀನಖಂಡ ಕಲ್ಲಿನ ಹಾಗಿತ್ತು, ಚರ್ಮದ ಕೆಳಗೆ ಅದು ಅದುರುವುದೂ ಕಾಣುತ್ತಿತ್ತು. ಪಕ್ಕದಲ್ಲಿ ಎಳನೀರು ಮಾರುತ್ತಿದ್ದ ಅಜ್ಜಿ, "ತಿಕ್ಕಬ್ಯಾಡ್ರಿ ಯವ್ವಾ, ಮೊದಲ ಕಾಲು ಚಾಚ್ರಿ" ಎಂದರು. ಅದೇ ಸರಿಯಾದ ಮಾತು.

ಮೊಣಕಾಲು ನೇರ ಮಾಡಿ, ಪಾದದ ಬೆರಳುಗಳನ್ನು ಮೆಲ್ಲಗೆ ಮೊಣಕಾಲಿನ ಕಡೆಗೆ ಎಳೆಯಬೇಕು. ಕೈಗೆ ಎಟುಕದಿದ್ದರೆ ಟವೆಲ್ಲನ್ನು ಪಾದಕ್ಕೆ ಸುತ್ತಿ ಎಳೆಯಿರಿ. ಸುಮಾರು 30 ಸೆಕೆಂಡು ಹಾಗೇ ಹಿಡಿದು ಬಿಡಿ, ಮತ್ತೆ ಮಾಡಿ. ಜರ್ಕ್ ಕೊಟ್ಟು ಎಳೆಯಬೇಡಿ. ಸೆಳೆತ ಸಡಿಲವಾದ ಮೇಲೆ ಮೆಲ್ಲಗೆ ತಿಕ್ಕಿ. ತೊಡೆಯ ಹಿಂಭಾಗ ಹಿಡಿದರೂ ಇದೇ ಥರ ಕಾಲು ಚಾಚಬೇಕು. ತೊಡೆಯ ಮುಂಭಾಗ ಹಿಡಿದರೆ ಮಾತ್ರ ಉಲ್ಟಾ: ಏನನ್ನಾದರೂ ಹಿಡಿದು ನಿಂತು, ಪಾದವನ್ನು ಹಿಂದಕ್ಕೆ ಮಡಚಿ ಎಳೆಯಿರಿ.

ಉಪ್ಪು ನೆಕ್ಕಿದರೆ ಆಯ್ತು ಎಂದು ಬಹಳ ಜನ ಹೇಳುತ್ತಾರೆ. ಆ ಕ್ಷಣದ ಸೆಳೆತ ಬಿಡಿಸುವುದು ಚಾಚುವಿಕೆಯೇ. ಹೆಚ್ಚಾಗಿ ದಣಿದ ಸ್ನಾಯು ಸಡಿಲವಾಗಲು ಆಗದೆ ಬಿಗಿದುಕೊಳ್ಳುತ್ತದೆ, ಬೆವರು ಹರಿದು ನೀರು, ಉಪ್ಪು ಕಮ್ಮಿಯಾದರೂ ತೊಂದರೆ ಹೆಚ್ಚುತ್ತದೆ. ಹಾಗಾಗಿ ಉಪ್ಪು ಹಾಕಿದ ಮಜ್ಜಿಗೆ, ನಿಂಬೆ ಶರಬತ್ತು ಕುಡಿಯುವುದು ಒಳ್ಳೆಯದೇ. ಓಆರ್‌ಎಸ್ ಪೊಟ್ಟಣ ಚೀಲದಲ್ಲಿರಲಿ. ಇಲ್ಲದಿದ್ದರೆ 1 ಲೀಟರ್ ಕುಡಿಯುವ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕಲಸಿ. ಬಿಪಿ, ಕಿಡ್ನಿ, ಹೃದಯದ ತೊಂದರೆ ಇರುವವರು ಮಾತ್ರ ಮೊದಲೇ ಡಾಕ್ಟರನ್ನು ಕೇಳಿಕೊಳ್ಳಿ.

ಇಳಿದ ತಕ್ಷಣ ಕಾರಲ್ಲಿ ಕಾಲು ಮಡಚಿ ಕೂರಬೇಡಿ. ಐದು ನಿಮಿಷ ಸುಮ್ನೆ ಅತ್ತಿತ್ತ ಓಡಾಡಿ, ಆಮೇಲೆ ಒಗ್ಗರಣಿ, ಮಿರ್ಚಿ ತಿನ್ನಿ. ಬೇಸಿಗೆಯಲ್ಲಾದರೆ ಬೆಳಿಗ್ಗೆ ಬೇಗ ಹತ್ತಿಬಿಡಿ, ಬಿಸಿಲೇರಿದ ಮೇಲೆ ಬರಿಗಾಲಿಗೆ ಕಲ್ಲು ಸುಡುತ್ತದೆ. ಶನಿವಾರ ರಶ್ ಜಾಸ್ತಿ. ಮಂಗಗಳ ಕಾಟವೂ ಇದೆ, ನೀರಿನ ಬಾಟಲಿ ಚೀಲದೊಳಗೇ ಇರಲಿ.

ಮರುದಿನ ತೊಡೆ ನೋಯುತ್ತದೆ. ಇಳಿಯುವಾಗ ತೊಡೆಯ ಸ್ನಾಯು ಭಾರ ಹೊತ್ತುಕೊಂಡೇ ಹಿಗ್ಗುತ್ತಿರುತ್ತದೆ, ಅದರ ನೋವು ಎರಡು ಮೂರು ದಿನ ಇರುವುದು ಸಹಜ. ಬಿಸಿನೀರಿನ ಸ್ನಾನ, ಮೆಲ್ಲಗೆ ಓಡಾಟ ಸಾಕು. ಆದರೆ ಒಂದೇ ಮೀನಖಂಡ ಊದಿ, ಕೆಂಪಾಗಿ, ಬಿಸಿಯಾಗಿದ್ದರೆ ತಿಕ್ಕಬೇಡಿ, ಅದು ರಕ್ತ ಹೆಪ್ಪುಗಟ್ಟಿರುವ ಸೂಚನೆ ಇರಬಹುದು. ಆಗಲೂ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೂ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ. ಬಿಸಿಲಲ್ಲಿ ಸೆಳೆತದ ಜೊತೆ ವಾಂತಿ, ತಡವರಿಸುವ ಮಾತು ಕಂಡರೆ ನೆರಳಿಗೆ ಕರೆತಂದು ಮೈ ತಣ್ಣಗೆ ಮಾಡಿ, ತಕ್ಷಣ 108ಕ್ಕೆ ಫೋನ್ ಮಾಡಿ.