ಯಾರು ಹೋಗ್ಬಿಟ್ರು ಅಕ್ಕಾ?

ಭಾನುವಾರ ಕೇಳಿದ ಮಾತು ಶುಕ್ರವಾರವಾದರೂ ಕಿವಿ ಬಿಟ್ಟು ಹೋಗಿಲ್ಲ. ಕೇಳಿದವನು ಗುಜರಿ ಗಾಡಿಯ ಹುಡುಗ, ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು. ನಮ್ಮ ಬಾಕ್ಸ್ ಮಂಚದ ಕಬ್ಬಿಣದ ಚೌಕಟ್ಟನ್ನು ಬಿಚ್ಚಿ ಗೇಟಿಗೆ ಒರಗಿಸಿದ. ಆಮೇಲೆ ಸೂಟ್‌ಕೇಸು, ರಟ್ಟಿನ ಡಬ್ಬ, ಗಂಟುಬಿದ್ದ ದಿಂಬು, ನನ್ನ ಗಂಡನ ಹಳೇ ಷರಟು ಪ್ಯಾಂಟಿನ ಎರಡು ಮೂಟೆ. ತಕ್ಕಡಿ ಎತ್ತಿಕೊಂಡವನು ಅದನ್ನು ಹಾಗೇ ಕೆಳಗಿಟ್ಟು, ದನಿ ತಗ್ಗಿಸಿ ಕೇಳಿದ: "ಯಾರು ಹೋಗ್ಬಿಟ್ರು ಅಕ್ಕಾ?"

ನನಗೆ ತಕ್ಷಣ ಹೊಳೆಯಲಿಲ್ಲ. "ಯಾರೂ ಎಲ್ಲೂ ಹೋಗ್ತಿಲ್ಲಪ್ಪ, ಮನೆ ಖಾಲಿ ಮಾಡ್ತಿಲ್ಲ" ಅಂದೆ. ಅವನು ಒಳಗೆ ಇಣುಕಿದ. ಹಾಲ್‌ನಲ್ಲಿ ಇವರು ಕಾಫಿ ಕುಡಿಯುತ್ತ ಕೂತಿದ್ದರು. ಹುಡುಗ ನಾಲಿಗೆ ಕಚ್ಚಿಕೊಂಡ. "ತಪ್ಪು ತಿಳ್ಕೋಬೇಡಿ ಅಕ್ಕಾ. ಮಂಚ, ದಿಂಬು, ಬಟ್ಟೆ ಎಲ್ಲಾ ಒಂದೇ ದಿನ ಹೊರಗೆ ಬಂದ್ರೆ ಹಂಗೇ ಅಲ್ವಾ. ಬದುಕಿರೋರ ಮಂಚ ಯಾರೂ ಕೊಡಲ್ಲ."

ಒಳ್ಳೆ ಹುಡುಗ. ತೂಕದಲ್ಲಿ ಒಂದು ಗ್ರಾಂ ಮೋಸ ಮಾಡಲಿಲ್ಲ. 1,360 ರೂಪಾಯಿ ಎಣಿಸಿ ಕೊಟ್ಟು ಹೋದ. ನಾನು ಗೇಟು ಹಿಡಿದುಕೊಂಡು ನಿಂತೇ ಇದ್ದೆ.

ಆಗಿದ್ದಿಷ್ಟೇ. ಎರಡು ವರ್ಷದಿಂದ ನನಗೆ ನಿದ್ದೆ ಇಲ್ಲ. ನಲವತ್ತೆಂಟರ ಹೆಂಗಸರಿಗೆ ಬಿಡಿಸಿ ಹೇಳಬೇಕಿಲ್ಲ. ನಡುರಾತ್ರಿ ಮೈಯೆಲ್ಲಾ ಬೆಂಕಿ ಹತ್ತಿದ ಹಾಗಾಗಿ ಎಚ್ಚರವಾಗುತ್ತದೆ. ಕಣ್ಣು ಬಿಟ್ಟರೆ ಮೊದಲು ಕಾಣುವುದು ಬೀರುವಿನ ಮೇಲೆ ಸೂರು ಮುಟ್ಟುವ ಹಾಗೆ ಪೇರಿಸಿದ ಸೂಟ್‌ಕೇಸುಗಳು. ಅದರ ಮೇಲೆ ಟಿವಿಯ ರಟ್ಟಿನ ಡಬ್ಬ. ಬಾಡಿಗೆ ಮನೆಯವರು ಟಿವಿ ಡಬ್ಬ ಎಸೆಯುವುದಿಲ್ಲ, ಮುಂದಿನ ಮನೆಗೆ ಹೋಗುವಾಗ ಬೇಕಲ್ಲ. ನಾವು ಈ ಮನೆಗೆ ಬಂದು ಒಂಬತ್ತು ವರ್ಷವಾಯಿತು, ಆ ಟಿವಿ ಕೆಟ್ಟು ನಾಲ್ಕು ವರ್ಷವಾಯಿತು. ಡಬ್ಬ ಮಾತ್ರ ನನ್ನ ತಲೆಯ ಮೇಲೆ ಇತ್ತು. ಕಿಟಕಿಗೆ ಅಡ್ಡವಾಗಿ ಅಕ್ಕಿ ಡ್ರಮ್ಮು, ಬಾಗಿಲ ಹಿಂದೆ ಇಸ್ತ್ರಿಗೆ ಕಾದ ಬಟ್ಟೆ, ಮಂಚದೊಳಗೆ ಅತ್ತೆ ಕೊಟ್ಟ ಹಿತ್ತಾಳೆ ಪಾತ್ರೆ. ಹತ್ತಕ್ಕೆ ಹತ್ತು ಅಡಿಯ ಕೋಣೆಯಲ್ಲಿ ಉಸಿರಾಡುವುದಕ್ಕೆ ಉಳಿದದ್ದು ಕಾಲುದಾರಿಯಷ್ಟು.

ಹಾಲ್ ಹೇಗಿತ್ತು ಗೊತ್ತಾ? ಒಂದು ಹುಲ್ಲುಕಡ್ಡಿ ಆಚೀಚೆ ಇಲ್ಲ. ಬಂದವರು ನೋಡುತ್ತಾರಲ್ಲ. ಬಂದವರ ಕಣ್ಣಿಗೆ ಬೀಳಬಾರದ್ದೆಲ್ಲ ನಾವು ಮಲಗುವ ಕೋಣೆಗೆ. ಮೈಸೂರಿನಲ್ಲಿ ನಾನು ಕಂಡ ಮನೆಗಳೆಲ್ಲ ಹೀಗೇ. ದಿನಕ್ಕೆ ಏಳೆಂಟು ಗಂಟೆ ಕಳೆಯುವ ಜಾಗ ಸಾಮಾನಿಗೆ, ತಿಂಗಳಿಗೊಮ್ಮೆ ಬರುವವರಿಗೆ ಚೊಕ್ಕ ಜಾಗ. ನನ್ನ ನಾದಿನಿ ಹೊಸ ಮನೆಗೆ ಹೊಕ್ಕ ವರ್ಷವೇ ಮಾಸ್ಟರ್ ಬೆಡ್‌ರೂಮಿಗೆ ಡಬಲ್ ಡೋರ್ ಫ್ರಿಜ್ಜಿನ ಡಬ್ಬ ಹೊತ್ತು ತಂದವಳು. ನಾನು ಅವಳನ್ನು ಆಡಿಕೊಳ್ಳುತ್ತಿಲ್ಲ. ನಮಗೆ ಯಾರೂ ಬೇರೆ ಥರ ತೋರಿಸಿಕೊಡಲಿಲ್ಲ, ಅಷ್ಟೆ.

ಅಜ್ಜಿಯ ಮನೆಯಲ್ಲಿ ಮಲಗುವ ಕೋಣೆ ಅಂತಲೇ ಇರಲಿಲ್ಲ. ರಾತ್ರಿ ಪಡಸಾಲೆಯಲ್ಲಿ ಈಚಲು ಚಾಪೆ ಬಿಚ್ಚಿದರೆ ಅದೇ ಕೋಣೆ, ಬೆಳಗ್ಗೆ ಸುತ್ತಿಟ್ಟರೆ ಬರೀ ನೆಲ. ಮಂಚ ಬಂದಮೇಲೆ ಮಂಚದ ಕೆಳಗೆ ಜಾಗ ಬಂತು. ಜಾಗ ಕಂಡ ಕೂಡಲೇ ಟ್ರಂಕು ಬಂತು. ಅದೂ ಸಾಲದೆ ಬಾಕ್ಸ್ ಮಂಚ ಮಾಡಿ, ಪೆಟ್ಟಿಗೆಯ ಮೇಲೆಯೇ ಮಲಗಲು ಶುರು ಮಾಡಿದೆವು.

ಮೊದಲು ಒಂದು ದೊಡ್ಡ ಫರ್ನಿಚರ್ ಅಂಗಡಿಗೆ ಹೋಗಿದ್ದೆ. 'ಮಿನಿಮಲ್' ಬೆಡ್‌ರೂಮ್ ಸೆಟ್ಟು ಅಂತ ಒಂದು ಬಿಳಿ ಕೋಣೆ ತೋರಿಸಿದರು. ಕಣ್ಣು ತಂಪಾಯಿತು. ಬೆಲೆ 68,000. ಆ ಕೋಣೆಯಲ್ಲಿ ನನಗೆ ಹಿಡಿಸಿದ್ದು ಯಾವುದು ಅಂತ ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ಮಂಚವಲ್ಲ, ಅದರ ಸುತ್ತ ಇದ್ದ ನೆಲ. ಆ ನೆಲ ನನ್ನ ಹತ್ತಿರವೂ ಇದೆ, ಸಾಮಾನಿನ ಕೆಳಗಿದೆ ಅನ್ನಿಸಿ, ಮನೆಗೆ ಬಂದವಳೇ ಸೂಟ್‌ಕೇಸು ಇಳಿಸಲು ಶುರು ಮಾಡಿದೆ.

ಬೀರು ಸರಿಸಿದಾಗ ಅದರ ಹಿಂದಿನ ಗೋಡೆ ಆಳೆತ್ತರ ಕಪ್ಪಾಗಿತ್ತು. ಬೂಷ್ಟು. ಬೀರು ಗೋಡೆಗೆ ಅಂಟಿಕೊಂಡಿದ್ದರೆ ನಡುವೆ ಗಾಳಿ ಆಡುವುದಿಲ್ಲ, ಮಳೆಗಾಲದ ತೇವ ಅಲ್ಲೇ ಕೂರುತ್ತದೆ. ಒಂಬತ್ತು ವರ್ಷ ನಾವು ಆ ಗಾಳಿಯನ್ನೇ ಕುಡಿದಿದ್ದೇವೆ. ಓನರಿಗೆ ಹೇಳಿದರೆ "ಮೊಳೆ ಗಿಳೆ ಹೊಡೀಬೇಡಿ" ಅಂದರು. ಬೂಷ್ಟಿನ ಬಗ್ಗೆ ಮಾತಿಲ್ಲ. ಅವರಿಗೆ ಗೋಡೆಯ ಮೇಲೆ ಇರುವ ಪ್ರೀತಿ ಗೋಡೆಯ ಒಳಗೆ ಇರುವವರ ಮೇಲೆ ಇಲ್ಲ. ಸುಣ್ಣ ಬಳಿಯೋಣ ಅಂದುಕೊಂಡಿದ್ದೆ, ಸುಣ್ಣದ ಕ್ಷಾರಕ್ಕೆ ಬೂಷ್ಟು ಬೇಗ ಬರುವುದಿಲ್ಲ ಅಂತ. ಎದುರು ಮನೆಯ ಪೇಂಟರ್ ಬೇಡವೆಂದರು: "ಡಿಸ್ಟೆಂಪರ್ ಮೇಲೆ ಸುಣ್ಣ ಹಿಡಿಯಲ್ಲ ಮೇಡಂ, ಹಕ್ಕಳೆ ಎದ್ದು ಉದುರ್ತದೆ." ಕಪ್ಪು ಕೆರೆದು, ಒಣಗಿಸಿ, ಐದು ಕೆಜಿ ಬಿಳಿ ಡಿಸ್ಟೆಂಪರ್ ತಂದು ನಾನು ಮಗಳೇ ಎರಡು ಕೋಟು ಹೊಡೆದೆವು. ಬ್ರಷ್ಷು ಸೇರಿ 620. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಇಟ್ಟೆವು. ಅದರ ನೆತ್ತಿಯ ಮೇಲೆ ಈಗ ಏನೂ ಇಲ್ಲ.

ಹಾಸಿಗೆ ಮಾತ್ರ ಎಸೆಯಲಿಲ್ಲ. ಮದುವೆಯಲ್ಲಿ ಅಪ್ಪ ಹೊಲಿಸಿಕೊಟ್ಟ ಹತ್ತಿ ಹಾಸಿಗೆ, ಇಪ್ಪತ್ತಮೂರು ವರ್ಷಕ್ಕೆ ಕಲ್ಲಿನಂತಾಗಿತ್ತು. ಚಿಕ್ಕವಳಿದ್ದಾಗ ಹತ್ತಿ ಎಕ್ಕುವವರು ಉದ್ದದ ಬಿಲ್ಲು ಹೊತ್ತು ಬೀದಿಗೆ ಬರುತ್ತಿದ್ದರು, ಆ ಬಿಲ್ಲಿನ ಹೆದೆ ಮಿಡಿಯುವ ಸದ್ದಿಗೆ ನಾವು ಓಡುತ್ತಿದ್ದೆವು. ಈಗ ಮಿಷನ್ನು. ಮಂಗಳವಾರ ಅರ್ಧ ದಿನ ರಜೆ ಹಾಕಿ ಆ ಅಂಗಡಿಯ ಮುಂದೆ ಕೂತೆ. ಹೊದಿಕೆ ಬಿಚ್ಚಿದಾಗ ಬಂದದ್ದು ಕಂದು ಬಣ್ಣದ ಗಂಟುಗಳು. ಮಿಷನ್ನಿನ ಹಲ್ಲಿಗೆ ಕೊಟ್ಟು ಆಚೆ ಕಡೆ ನೋಡಿದರೆ ನೊರೆಯ ಹಾಗೆ ಹತ್ತಿ ಉಕ್ಕಿ ಬರುತ್ತಿತ್ತು. ಅಂಗಡಿಯ ಸಾಹೇಬರು ಒಂದು ಹಿಡಿ ನನ್ನ ಕೈಗಿಟ್ಟು, "ಹತ್ತಿ ಸಾಯಲ್ಲಮ್ಮ, ಒತ್ತಿಕೊಂಡಿರ್ತದೆ. ಬಿಡಿಸಿದ್ರೆ ಮತ್ತೆ ಎದ್ದು ಬರ್ತದೆ" ಅಂದರು. ಕೈಯಲ್ಲಿ ಅದು ಬೆಚ್ಚಗಿತ್ತು. ಪಟ್ಟೆಪಟ್ಟೆಯ ಹೊಸ ಬಟ್ಟೆ, ಹೊಲಿಗೆ ಎಲ್ಲಾ ಸೇರಿ 1,100.

ಮಂಚಕ್ಕೆ ಹಳೆಯದರಲ್ಲೇ ಉಬ್ಬದೆ ಉಳಿದ ಎರಡು ಹಲಗೆ ಇಟ್ಟುಕೊಂಡಿದ್ದೆ. ಬಡಗಿ ಅದಕ್ಕೆ ಗೇಣುದ್ದದ ಕಾಲು ಕೊಟ್ಟು 1,500 ತೆಗೆದುಕೊಂಡರು. ಎತ್ತರ ನಾನೇ ಹೇಳಿದ್ದು: ಕೆಳಗೆ ಪೊರಕೆ ಹೋಗಬೇಕು, ಸೂಟ್‌ಕೇಸು ಹೋಗಬಾರದು. ಮಂಡಿ ನೋವಿರುವವರಿಗೆ ಇಷ್ಟು ತಗ್ಗು ಮಂಚ ಆಗಿಬರುವುದಿಲ್ಲ, ಅದನ್ನು ಮೊದಲೇ ಯೋಚಿಸಬೇಕು. ಮೇಲೆ ಹಾಸಲು 900 ರೂಪಾಯಿಯ ಒಂದು ಖಾದಿ ಮಗ್ಗುಲುಹಾಸು.

ಬಲ್ಬಿನ ವಿಷಯ ಹೇಳಲೇಬೇಕು. ನಮ್ಮ ಕೋಣೆಯಲ್ಲಿ ಇದ್ದದ್ದು ಹಾಲಿನಂಥ ಬಿಳಿ ಬೆಳಕಿನ ಎಲ್‌ಇಡಿ. ಡಬ್ಬದ ಮೇಲೆ ನೋಡಿದರೆ 6500 ಕೆ ಅಂತ ಇರುತ್ತದೆ. ಅಂಕಿ ಹೆಚ್ಚಾದಷ್ಟು ಬೆಳಕು ನೀಲಿಗೆ ತಿರುಗುತ್ತದೆ, ಕಡಿಮೆಯಾದಷ್ಟು ಹಳದಿ. ಮಗಳು ಪಿಯುಸಿ, ಅವಳೇ ಹೇಳಿದ್ದು: ಬಿಳಿ ಎಲ್‌ಇಡಿಯ ಒಡಲಲ್ಲಿ ಹುಟ್ಟುವುದೇ ನೀಲಿ ಬೆಳಕು, ಅದರ ಮೇಲಿನ ಲೇಪ ಅದನ್ನು ಬಿಳಿ ಮಾಡುತ್ತದೆ, ಆ ನೀಲಿ ಎಲ್‌ಇಡಿಗೇ 2014ರ ಭೌತಶಾಸ್ತ್ರದ ನೊಬೆಲ್ ಬಂದದ್ದು. ರಾತ್ರಿ ಆ ನೀಲಿಯಂಶ ಕಣ್ಣಿಗೆ ಬಿದ್ದರೆ ಮಿದುಳು ಇನ್ನೂ ಹಗಲು ಅಂದುಕೊಳ್ಳುತ್ತದೆ, ನಿದ್ದೆ ತರುವ ಮೆಲಟೋನಿನ್ ತಡವಾಗುತ್ತದೆ. ಅಂಗಡಿಯವನು "ಹಳದಿ ಯಾರೂ ಕೇಳಲ್ಲ ಮೇಡಂ" ಅನ್ನುತ್ತ ಮೇಲಿನ ಅರೆಯಿಂದ ಧೂಳು ಹೊಡೆದು 2700 ಕೆಯ ಎರಡು ಬಲ್ಬು ಕೊಟ್ಟ, 220ಕ್ಕೆ. ಸಂಜೆ ಸ್ವಿಚ್ಚು ಹಾಕಿದಾಗ ಬಿಳಿ ಗೋಡೆಯ ಮೇಲೆ ದೀಪ ಹಚ್ಚಿದ ಹಾಗೆ ಬೆಳಕು ಕೂತಿತು. ಯಾವುದನ್ನೂ ಕೊಡಲು ಒಪ್ಪದ ನನ್ನ ಗಂಡ ಬಾಗಿಲಲ್ಲಿ ನಿಂತು ಸುಮಾರು ಹೊತ್ತು ನೋಡಿದರು. "ಇಷ್ಟು ದೊಡ್ಡದಿತ್ತಾ ಇದು?" ಅಂದರು.

ಗುಜರಿಗೆ ಬಂದದ್ದು ಕಳೆದರೆ ನನ್ನ ಕೈಯಿಂದ ಹೋದದ್ದು 2,980. ಖುಷಿಯಾಗಿ ಮಲಗಬೇಕಿತ್ತು. ಆದರೆ ದೀಪ ಆರಿಸಿದ ಕೂಡಲೇ ಆ ಹುಡುಗನ ದನಿ. ಯಾರು ಹೋಗ್ಬಿಟ್ರು ಅಕ್ಕಾ? ಬದುಕಿರೋರ ಮಂಚ ಯಾರೂ ಕೊಡಲ್ಲ.

ಅಪ್ಪನದು ಹಾಗೇ ಆಯಿತು. ಅರಸೀಕೆರೆಯ ಮನೆಯ ಒಳಕೋಣೆಯಲ್ಲಿ ಅಪ್ಪ ಮೂವತ್ತು ವರ್ಷ ಅಕ್ಕಿ ಮೂಟೆ, ಕೊಬ್ಬರಿ ಚೀಲ, ಅಮ್ಮನ ಹೊಲಿಗೆ ಮಿಷನ್ನಿನ ನಡುವೆ ಒಂದೇ ಮಗ್ಗುಲಲ್ಲಿ ಮಲಗಿದರು. ಆಚೆ ಮಗ್ಗುಲಿಗೆ ಹೊರಳಲು ಜಾಗ ಇರಲಿಲ್ಲ. ಮೂರು ವರ್ಷದ ಹಿಂದೆ ಹಾಸಿಗೆ ಹಿಡಿದಾಗ, ನೋಡಿಕೊಳ್ಳಲು ಬಂದ ನರ್ಸಮ್ಮ ಮೊದಲ ದಿನವೇ ಹೇಳಿದರು: ಇದನ್ನೆಲ್ಲ ಹೊರಗೆ ಹಾಕಿ, ಪೇಷೆಂಟಿಗೆ ಗಾಳಿ ಬೇಕು. ಅಣ್ಣ ನಾನು ಒಂದೇ ಬೆಳಗ್ಗೆ ಎಲ್ಲಾ ಸಾಗಿಸಿದೆವು. ನೆಲ ಸಾರಿಸಿ ಕಿಟಕಿ ತೆಗೆದಾಗ ಅಪ್ಪ ಆ ಕಡೆಗೆ ಮುಖ ತಿರುಗಿಸಿ, "ಈಗ ಗಾಳಿ ಆಡ್ತದೆ ನೋಡು" ಅಂದರು. ಹತ್ತೊಂಬತ್ತು ದಿನ ಆ ಗಾಳಿ ಅವರಿಗೆ ಸಿಕ್ಕಿತು. ವೈಕುಂಠ ಸಮಾರಾಧನೆ ಮುಗಿದ ಸಂಜೆಯೇ ಕೊಬ್ಬರಿ ಚೀಲ ವಾಪಸ್ ಒಳಗೆ ಬಂತು, ನಾನೇ ಒಂದು ತುದಿ ಹಿಡಿದಿದ್ದೆ. ಅವರ ಮಂಚ ಗುಜರಿಯವನಿಗೆ ಹೋಯಿತು. ಅವನು ಏನೂ ಕೇಳಲಿಲ್ಲ, ಅವನಿಗೆ ಗೊತ್ತಿತ್ತು.

ಬದುಕಿದ್ದಾಗ ಒಂದು ಬೆಳಗ್ಗೆಯ ಕೆಲಸವಾಗಿತ್ತು ಅದು. ನಮ್ಮಲ್ಲಿ ಮನುಷ್ಯ ಸಾಮಾನಿಗೆ ಜಾಗ ಬಿಟ್ಟು ಮುದುಡಿಕೊಳ್ಳುವುದನ್ನು ಹೊಂದಿಕೊಂಡು ಹೋಗುವುದು ಅನ್ನುತ್ತೇವೆ, ಹೆಂಗಸರಾದರೆ ಅದಕ್ಕೆ ಒಳ್ಳೆ ಹೆಸರೂ ಬರುತ್ತದೆ. ಕಾಯಿಲೆಯೋ ಸಾವೋ ಬಂದು ಹೇಳುವ ತನಕ ಕಿಟಕಿಗೆ ಅಡ್ಡ ಇರುವ ಡ್ರಮ್ಮನ್ನು ಯಾರೂ ಸರಿಸುವುದಿಲ್ಲ. ಇವತ್ತಿಗೂ ಅಮ್ಮ ಅದೇ ಕೋಣೆಯಲ್ಲಿ, ಅದೇ ಚೀಲಗಳ ಪಕ್ಕ, ಚಾಪೆಯಲ್ಲಿ ಮಲಗುತ್ತಾಳೆ.

ನಿನ್ನೆ ರಾತ್ರಿ ಫೋನು ಮಾಡಿ, ಮುಂದಿನ ಭಾನುವಾರ ಬರ್ತೀನಿ, ನಿನ್ನ ಕೋಣೆ ಖಾಲಿ ಮಾಡಿ ಬಿಳಿ ಹೊಡೆಯೋಣ ಅಂದೆ. ಹತ್ತಿ, ಹಲಗೆ, ಬಲ್ಬು ಎಲ್ಲದರ ಲೆಕ್ಕ ಒಪ್ಪಿಸಿದೆ. "ಏನೂ ಬೇಡ ಕಣೆ ಪುಟ್ಟಿ. ನಾನು ಹೋದ್ಮೇಲೆ ಹೆಂಗಿದ್ರೂ ಖಾಲಿ ಮಾಡ್ತೀರಲ್ಲ, ಆಗ ಮಾಡ್ಕೊಳ್ಳಿ" ಅಂದಳು. ಗುಜರಿ ಹುಡುಗನ ಮಾತೇ, ಇನ್ನೊಂದು ಬಾಯಲ್ಲಿ. ನನಗೆ ಅಳು ಬಂದು ಜೋರು ಮಾಡಿದೆ. "ಅಪ್ಪನಿಗೆ ಹಂಗೆ ಮಾಡಿದ್ದು ಸಾಕು ಅಮ್ಮ" ಅಂದುಬಿಟ್ಟೆ. ಆ ಕಡೆಯಿಂದ ಮಾತಿಲ್ಲ. ಫೋನು ಇಟ್ಟಳು.

ಇವತ್ತು ಬೆಳಗ್ಗೆ ಆರು ಗಂಟೆಗೆ ಅವಳದೇ ಫೋನು.

"ಆ ಹಳದಿ ಬಲ್ಬಿಗೆ ಎಷ್ಟು ಕೊಟ್ಟೆ ಅಂದೆ?"

"ಒಂದಕ್ಕೆ ನೂರಾ ಹತ್ತು."

"ಬರೋವಾಗ ಒಂದು ತಗೊಂಡ್ಬಾ. ಕೊಬ್ಬರಿ ಚೀಲ ಬೇಕಾದ್ರೆ ಹೊರಗೆ ಹಾಕ್ಕೊಳ್ಳಿ. ನನ್ನ ಮಿಷನ್ನು ಮಾತ್ರ ಮುಟ್ಟಕೂಡ್ದು."